ಮಣೆಯ ಮೇಲೆ ಓಡುವ ಕಾರು

ಎಂಜಿನ್ ಕಿರುಚುತ್ತಿತ್ತು, ಕಾರು ಮಾತ್ರ ನಿಂತಲ್ಲೇ ನಿಂತಿತ್ತು. ಕೃಷ್ಣಾನಂದ ರಿಮೋಟಿನ ಕಡ್ಡಿಯನ್ನು ಕೊನೆಯವರೆಗೂ ತಳ್ಳಿದ. ಇಂಧನಕ್ಕೆ ಬೆರೆಸಿದ ಹರಳೆಣ್ಣೆ ಸುಟ್ಟ ನೀಲಿ ಹೊಗೆ ಪಕ್ಕದ ಕ್ವಾರ್ಟರ್ಸಿನೊಳಗೆ ನುಗ್ಗಿತು. ಅಲ್ಲಿ ಯಾರೋ ಕಿಟಕಿ ಮುಚ್ಚಿದರು. ತಿರುವನಂತಪುರಕ್ಕೆ ಬಂದಂದಿನಿಂದ ಅವರ ಮೀನಿನ ವಾಸನೆಯನ್ನು ಅವನು ಸಹಿಸಿಲ್ಲವೇ?

ಆ ಮೊಳದುದ್ದದ ಆಟಿಕೆ ಕಾರನ್ನೆತ್ತಿ, ಗಾಲಿಗಳು ಗಾಳಿಯಲ್ಲಿ ತೂಗುವಂತೆ ಮಣೆಯ ಮೇಲಿಟ್ಟ. ನೆಲ ಬಿಟ್ಟದ್ದೇ ತಡ, ನಾಲ್ಕೂ ಗಾಲಿಗಳು ಭರ್ರನೆ ತಿರುಗಿದವು. ಕೆಳಗಿಳಿಸಿದ. ನಿಂತುಬಿಟ್ಟವು.

ಎಂಜಿನ್ ಒಂದು ಬಿಟ್ಟರೆ ಮಿಕ್ಕದ್ದೆಲ್ಲ ಅವನ ಕೈಕೆಲಸ. ತಳದ ತಗಡನ್ನು ತಾನೇ ಕೊಯ್ದಿದ್ದ. ಸ್ಕ್ರೂಗಳಿಗಾಗಿ ಚಾಲೈ ಪೇಟೆಯ ಪ್ರತಿ ಅಂಗಡಿಯವನೊಡನೆ ಜಗಳವಾಡಿದ್ದ. ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿ ಎಂದರೂ ಅವರು ಬೆಲೆ ಇಳಿಸಲಿಲ್ಲ, ಮೂರ್ಖರು. ಸಂಸ್ಥೆಯಲ್ಲಿ ಅವನ ಕೆಲಸವೂ ಹೆಚ್ಚುಕಡಿಮೆ ಇದೇ. ಬಿಡಿಭಾಗಗಳನ್ನು ಸ್ಟ್ಯಾಂಡಿಗೆ ಬಿಗಿದು ತಿರುಗಿಸುವುದು, ತಿರುಗಿದರೆ ಸಹಿ ಹಾಕುವುದು. ಆಮೇಲೆ ಅವು ಎಲ್ಲಿಗೆ ಹೋದವೆಂದು ಅವನು ಕೇಳಿದವನಲ್ಲ.

"ಏನ್ರೀ, ಸ್ನಾನ ಆಯ್ತಾ?" ಒಳಗಿನಿಂದ ಮಂದಾಕಿನಿ ಕೂಗಿದಳು.

"ಗೇರು ನೋಡ್ತಿದ್ದೀನಿ."

"ಮಧ್ಯಾಹ್ನ ಟ್ರೈನು."

ಹೆಂಡತಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿತ್ತು, ಆಲುವದ ಶಾಖೆಗೆ ಮ್ಯಾನೇಜರ್. ಮಗಳು ಮಹತಿಗೆ ಅಲ್ಲೇ ಶಾಲೆ. ಅವನು ಇಂದು ಜೊತೆಗೆ ಹೋಗಿ ಮನೆ ಹೂಡಿಕೊಟ್ಟು, ಆಮೇಲೆ ವಾರಕ್ಕೊಮ್ಮೆ ಬಂದು ಹೋಗಬೇಕೆಂದು ಅವಳೇ ತೀರ್ಮಾನಿಸಿ ಮೂರು ಟಿಕೆಟ್ ತಂದಿದ್ದಳು. "ಕಾರು ಓಡ್ಲಿ, ಬರ್ತೀನಿ" ಅಂದಿದ್ದ. ತಮಾಷೆ ಎಂದುಕೊಂಡು ಅವಳು ನಕ್ಕಿದ್ದಳು. ತನಗೆ ಅದು ತಮಾಷೆಯಾಗಿರಲಿಲ್ಲವೆಂದು ಅವನಿಗೆ ಆಗಲೇ ಗೊತ್ತಿತ್ತು.

ಗೇರುಗಳ ನಡುವೆ ಕಾಗದದ ಚೂರು ತೂರಿಸಿ ಹಲ್ಲು ಕೂಡುತ್ತವೆಯೇ ನೋಡಿದ. ಕೂಡುತ್ತಿದ್ದವು. ಗಾಲಿಗಳಿಗೆ ವೇಗ ಹಂಚುವ ಡಿಫರೆನ್ಷಿಯಲ್ ಬಿಚ್ಚಿದ. ಅದರಲ್ಲೂ ದೋಷವಿರಲಿಲ್ಲ. ತನ್ನ ಕೆಲಸದಲ್ಲಿ ತಪ್ಪು ಸಿಗದಿದ್ದಾಗ ಆಗುವ ಸಂತೋಷ ಆಯಿತು. ಕಾರು ಓಡುತ್ತಿಲ್ಲವೆಂಬುದು ಅದರ ಮುಂದೆ ಸಣ್ಣ ವಿಷಯ.

ಉಳಿದದ್ದು ಕ್ಲಚ್ಚು. ಎಂಜಿನ್ ವೇಗ ಹಿಡಿದಾಗ ಅದರೊಳಗಿನ ಷೂ ಎಂಬ ಎರಡು ಪುಟ್ಟ ತುಂಡುಗಳು ಹೊರಚಾಚಿ, ಸುತ್ತಲಿನ ಬಟ್ಟಲನ್ನು ಕಚ್ಚಿ ತಿರುಗಿಸಬೇಕು. ಬಟ್ಟಲನ್ನು ಕಳಚಿದ. ಒಳಗೆಲ್ಲ ಎಣ್ಣೆ. ಮೊನ್ನೆ ಎಲ್ಲ ಭಾಗಗಳಿಗೂ ಒಂದೊಂದು ಹನಿ ಬಿಡುವಾಗ ಇದಕ್ಕೂ ಬಿಟ್ಟಿದ್ದ. ಒಣಗಿರಲೇಬೇಕಾದ ಒಂದೇ ಒಂದು ಭಾಗ ಇದು. ಭಾರವಿಲ್ಲದಾಗ ಹೇಗೋ ತಿರುಗುತ್ತಿತ್ತು, ನೆಲದ ಮೇಲೆ ಹಿಡಿತ ಸಿಗದೆ ಜಾರುತ್ತಿತ್ತು.

ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಒರೆಸಿದ. ಷೂಗಳು ಒಣಗಿ ಮಾಸಲು ಬೂದಿಬಣ್ಣಕ್ಕೆ ಬಂದವು. ಇನ್ನು ಜೋಡಿಸಿದರೆ ಓಡುತ್ತದೆ.

ಓಡಿದರೆ ಸ್ನಾನ ಮಾಡಬೇಕು. ಇಸ್ತ್ರಿ ಮಾಡಿಟ್ಟ ಅಂಗಿ ತೊಡಬೇಕು. ಆಲುವದಲ್ಲಿ ಬ್ಯಾಂಕಿನವರು ಹೂಗುಚ್ಛ ಹಿಡಿದು ನಿಂತಿರುತ್ತಾರೆ, ಮೇಡಂ ಪಕ್ಕದಲ್ಲಿ ಅವನು ಸೂಟ್‌ಕೇಸ್ ಹಿಡಿದು ನಿಲ್ಲಬೇಕು. ಊಟದ ಮನೆಯಲ್ಲಿ ತಾಯಿ ಮಗಳು ಮಲಯಾಳದಲ್ಲಿ ನಗುವಾಗ ಅರ್ಥವಾದಂತೆ ಮುಖ ಮಾಡಬೇಕು. ಯೋಚಿಸಿದರೇ ಹೇಸಿಗೆಯಾಯಿತು. ಅವರ ಮೇಲೋ ತನ್ನ ಮೇಲೋ, ಅದನ್ನು ವಿಂಗಡಿಸುವ ಗೋಜಿಗೆ ಹೋಗಲಿಲ್ಲ.

ಎಣ್ಣೆಯ ಡಬ್ಬಿ ಎತ್ತಿಕೊಂಡು ಷೂಗಳ ಮೇಲೆ ಒಂದು ಹನಿ ಬಿಟ್ಟ. ಸಾಲದೆನಿಸಿ ಇನ್ನೊಂದು ಬಿಟ್ಟ. ಬಟ್ಟಲನ್ನು ಮುಚ್ಚಿ ಬಿಗಿದ.

ಸ್ಟೇಷನ್ನಿಗೆ ಕರೆದೊಯ್ಯಲು ಪಕ್ಕದ ಮನೆಯ ಜೋಸೆಫ್ ತನ್ನ ಮಾರುತಿ ತಂದು ನಿಲ್ಲಿಸಿದ. ಒಂದೇ ವಿಭಾಗದವನು; ಎಲ್ಲರಿಗೂ ಉಪಕಾರ ಮಾಡುವ ಚಟದವನು.

"ಸಾರ್ ವರುನ್ನಿಲ್ಲೇ?" ಬರೋದಿಲ್ಲವೇ ಎಂದು ಅವನು ಕೇಳಿದ್ದು ಮಂದಾಕಿನಿಯನ್ನು.

ಅವಳು ಬಾಗಿಲಲ್ಲಿ ನಿಂತು ಗಂಡನ ಎಣ್ಣೆಗೈ ನೋಡಿದಳು. "ಸಿಕ್ತಾ?"

"ಇನ್ನೂ ಇಲ್ಲ."

"ಏನಾಗಿದೆ ಅಂತ?"

"ಹೇಳಿದ್ರೆ ನಿನಗೆ ಗೊತ್ತಾಗಲ್ಲ."

ಎಂಜಿನ್ ಶುರು ಮಾಡಿ ತೋರಿಸಿದ. ಮಣೆಯ ಮೇಲೆ ಗಾಲಿಗಳು ಮಿಂಚಿದವು. ಮಹತಿ ಬಗ್ಗಿ ನೋಡಿ, "ಓಡುನ್ನುಂಡಲ್ಲೋ ಅಪ್ಪಾ" ಅಂದಳು. ಓಡುತ್ತಿದೆಯಲ್ಲ.

"ಮೇಲಿದ್ದಾಗ ಓಡುತ್ತೆ. ಕೆಳಗಿಟ್ರೆ ಇಲ್ಲ."

ಮಂದಾಕಿನಿಯ ಕಣ್ಣು ಪೆಟ್ರೋಲಿನ ಬಟ್ಟೆಯ ಮೇಲೆ, ಎಣ್ಣೆಯ ಡಬ್ಬಿಯ ಮೇಲೆ, ಆಮೇಲೆ ಅವನ ಮುಖದ ಮೇಲೆ ಹಾಯಿತು. ಅವಳಿಗೆ ಕ್ಲಚ್ಚಿನ ಗಂಧವಿಲ್ಲ, ಗಂಡನದು ಚೆನ್ನಾಗಿಯೇ ಇತ್ತು.

"ಹಾಗಾದ್ರೆ ಮೇಲೇ ಇಟ್ಕೊಳ್ಳಿ," ಅಂದಳು. ಪರ್ಸಿನಿಂದ ಅವನ ಟಿಕೆಟ್ ತೆಗೆದು ಮಣೆಯ ಮೂಲೆಯಲ್ಲಿಟ್ಟು ಮೆಟ್ಟಿಲಿಳಿದಳು. ಮಹತಿ ಒಮ್ಮೆ ಹಿಂದಿರುಗಿ ನೋಡಿದಳು. ಅವನು ಆ ಹೊತ್ತಿಗೆ ರಿಮೋಟಿನ ಕಡೆ ನೋಡುತ್ತಿದ್ದ.

ಮಾರುತಿಯ ಸದ್ದು ತಿರುವಿನಲ್ಲಿ ಅಡಗಿತು. ಗೆದ್ದೆ ಅನ್ನಿಸಿತು. ಯಾರನ್ನು ಎಂದು ತಿಳಿಯದೆ ಒಂದು ಕ್ಷಣ ಭಯವೂ ಆಯಿತು. ಈಗ ಒರೆಸಿ ಓಡಿಸಬಹುದು, ತಡೆಯುವವರಿಲ್ಲ. ಪೆಟ್ರೋಲಿನ ಬಟ್ಟೆ ಹುಡುಕಿದ. ಅದು ಕಾಲ ಬುಡದಲ್ಲೇ ಇತ್ತು, ಎತ್ತಿಕೊಳ್ಳಲು ಬಗ್ಗಲಿಲ್ಲ.

ಕಾರನ್ನು ಅಂಗಳದ ನಡುವೆ ಇಳಿಸಿದ. ಎಂಜಿನ್ ಅಬ್ಬರಿಸಿತು, ಗಾಲಿ ಕದಲಲಿಲ್ಲ. ರಿಮೋಟಿನ ಕಡ್ಡಿ ಹಿಂದೆ ಸರಿಯದಂತೆ ರಬ್ಬರ್ ಬ್ಯಾಂಡ್ ಸುತ್ತಿಟ್ಟು, ಕಾರನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದ. ಗಾಲಿಗಳು ಜೀವ ಬಂದಂತೆ ತಿರುಗತೊಡಗಿದವು. ಅದರ ಮೂತಿ ಸ್ಟೇಷನ್ನಿನ ಕಡೆಗಿತ್ತು. ಮುಂಗೈ ಮೇಲೆ ಬಿಸಿ ಎಣ್ಣೆ ಸಿಡಿಯುತ್ತಿದ್ದರೂ, ಟ್ಯಾಂಕು ಬರಿದಾಗುವವರೆಗೆ, ಇಂಚೂ ಮುಂದೆ ಹೋಗದೆ ಓಡುತ್ತಿದ್ದ ಆ ಕಾರನ್ನು ಹಿಡಿದುಕೊಂಡು ಅವನು ನಿಂತಿದ್ದ.