ನೆತ್ತಿಯ ಫೋಟೋ

ಆ ಕ್ಷೌರದಂಗಡಿಯಲ್ಲಿ ಕುರ್ಚಿ ಎರಡು. ಬಾಗಿಲ ಪಕ್ಕದ್ದು ಅಣ್ಣನದು, ಒಳಗಿನದು ತಮ್ಮನದು. ಇಡೀ ಬೀದಿಗೆ ಅವರು ಅಣ್ಣ, ತಮ್ಮ. ತಮ್ಮನಿಗಿಂತ ಇಪ್ಪತ್ತು ವರ್ಷ ಚಿಕ್ಕವರೂ ಕುರ್ಚಿಯಲ್ಲಿ ಕೂತು "ತಮ್ಮಾ, ಕಿವಿ ಹತ್ರ ಸ್ವಲ್ಪ ಕಮ್ಮಿ ಮಾಡು" ಎನ್ನುತ್ತಿದ್ದರು.

ಕಟಿಂಗ್ ಮುಗಿದ ಮೇಲೆ ಗಿರಾಕಿಯ ಹಿಂದೆ ಕೈಗನ್ನಡಿ ಹಿಡಿದು, ಎದುರಿನ ದೊಡ್ಡ ಕನ್ನಡಿಯಲ್ಲಿ ಅವನ ಹಿಂದಲೆಯನ್ನು ಅವನಿಗೇ ತೋರಿಸುವುದು ಎಲ್ಲ ಅಂಗಡಿಗಳಲ್ಲೂ ಇರುವ ಪದ್ಧತಿ. ಇವರಲ್ಲಿ ಅದಕ್ಕೊಂದು ಒಳಗುಟ್ಟಿತ್ತು. ನೆತ್ತಿ ಬೋಳಾಗುತ್ತಿರುವವರಿಗೆ ಕನ್ನಡಿಯನ್ನು ಎರಡು ಬೆರಳು ಕೆಳಗೆ ಹಿಡಿಯಬೇಕು, ಚೂರು ಓರೆ ಮಾಡಬೇಕು. ಕತ್ತು ಕಾಣುತ್ತದೆ, ಕಿವಿ ಕಾಣುತ್ತದೆ, ನೆತ್ತಿ ಕಾಣುವುದಿಲ್ಲ. ಗಿರಾಕಿ "ಹೂಂ" ಎಂದನೋ ಇಲ್ಲವೋ, ಕನ್ನಡಿ ಕೆಳಗಿಳಿದಿರಬೇಕು. ಕತ್ತರಿ ಕೈಗೆ ಕೊಡುವ ಮೊದಲೇ ಅಣ್ಣ ಇದನ್ನು ಕಲಿಸಿದ್ದ. "ಕೂದಲು ಯಾರು ಬೇಕಾದ್ರೂ ಕತ್ತರಿಸ್ತಾರೆ ಕಣೋ. ಬಂದ ಮನುಷ್ಯ ಎದ್ದು ಹೋಗುವಾಗ ಎದೆ ಸೆಟೆಸ್ಕೊಂಡು ಹೋಗ್ಬೇಕು, ಅದು ಕೆಲಸ" ಎನ್ನುತ್ತಿದ್ದ.

ಈ ವಿದ್ಯೆಯನ್ನು ತಮ್ಮ ಅತಿ ಹೆಚ್ಚು ಬಳಸಿದ್ದು ಮೇಷ್ಟ್ರ ಮೇಲೆ. ಅವನಿಗೆ ಮಗ್ಗಿ ಹೇಳಿಕೊಟ್ಟವರು ಅವರು. ಮಗ್ಗಿ ತಲೆಗೆ ಹತ್ತಲಿಲ್ಲ ಎನ್ನುವುದು ಬೇರೆ ಮಾತು. ಆದರೆ "ಇವನಿಗೆ ಲೆಕ್ಕ ಬರಲ್ಲ, ಆದ್ರೆ ಇವನ ಕೈ ನೋಡಿ, ಎಷ್ಟು ಚೊಕ್ಕ" ಎಂದು ಇಡೀ ಕ್ಲಾಸಿನ ಮುಂದೆ ಹೇಳಿದ ಏಕೈಕ ಪುಣ್ಯಾತ್ಮರೂ ಅವರೇ. ಆ ಒಂದು ಮಾತಿಗೆ ತಮ್ಮ ಅವರಿಗಾಗಿ ಜೀವ ಬೇಕಾದರೂ ಕೊಡುತ್ತಿದ್ದ. ಮೇಷ್ಟ್ರ ನೆತ್ತಿ ಬೋಳಾಗಿ ಹನ್ನೆರಡು ವರ್ಷವಾಗಿತ್ತು. ಹನ್ನೆರಡು ವರ್ಷವೂ ಪ್ರತಿ ತಿಂಗಳ ಮೊದಲ ಭಾನುವಾರ ತಮ್ಮ ಉಸಿರು ಬಿಗಿಹಿಡಿದು ಕನ್ನಡಿ ಓರೆ ಮಾಡಿದ್ದ, ಮೇಷ್ಟ್ರು ನೋಡಿ "ಭೇಷ್" ಎಂದಿದ್ದರು. ಅವರಿಗೆ ನಿಜ ಗೊತ್ತಾದ ದಿನ ತಾನು ಅವರಿಗೆ ಮುಖ ತೋರಿಸಲಾರೆ ಎಂದು ಅವನು ನಂಬಿದ್ದ.

ಹೀಗಿರುವಾಗ ತಮ್ಮನ ಭಾವಮೈದುನ ಹೊಸದೊಂದು ಕೊಂಡು, ತನ್ನ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಇವನಿಗೆ ದಾಟಿಸಿದ. ಫೋನಿನೊಳಗೆ ಇನ್ನೂ ಕ್ಯಾಮೆರಾ ಹೊಕ್ಕಿರದ ಕಾಲ ಅದು. ಸೋಪಿನ ಡಬ್ಬಿಯಷ್ಟು ದಪ್ಪ, ಬೆನ್ನಿಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪರದೆ. ಹದಿನಾರು ಫೋಟೋ ತುಂಬಿದರೆ ಹೊಟ್ಟೆ ಭರ್ತಿ. ಬೆಳಗ್ಗೆ ನಾಲ್ಕು ಪೆನ್ಸಿಲ್ ಸೆಲ್ಲು ತಿಂದು ಸಂಜೆಗೆ ಮತ್ತೆ ನಾಲ್ಕು ಕೇಳುತ್ತಿತ್ತು. ಗುಂಡಿ ಒತ್ತಿದ ತಕ್ಷಣ ಕೆಲಸ ಮಾಡುವ ಜಾಯಮಾನ ಅದರದಲ್ಲ. ಸ್ವಲ್ಪ ಯೋಚಿಸಿ, ಕಿರ್ ಎಂದು ಗಂಟಲು ಸರಿಮಾಡಿಕೊಂಡು, ಆಮೇಲೆ ಫಳ್ ಎಂದು ಬೆಳಕು ಉಗುಳಿ ಫೋಟೋ ತೆಗೆಯುತ್ತಿತ್ತು. ಅಷ್ಟರಲ್ಲಿ ನಗುತ್ತಿದ್ದವರು ನಕ್ಕು ಮುಗಿಸಿ ಆಕಳಿಸುತ್ತಿದ್ದರು. ಮನೆಮಂದಿಯದೆಲ್ಲ ಆಕಳಿಕೆಯ ಫೋಟೋಗಳೇ ಆದವು. ಅಲುಗಾಡದೆ ಕೂರುವ ಮನುಷ್ಯರು ಎಲ್ಲಿ ಸಿಗುತ್ತಾರಪ್ಪಾ ಎಂದು ತಮ್ಮ ತಲೆ ಕೆಡಿಸಿಕೊಂಡಿದ್ದಾಗ, ಉತ್ತರ ಅವನ ಕುರ್ಚಿಯಲ್ಲೇ ಕೂತಿತ್ತು, ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡು.

ಮೊದಲು ಸಿಕ್ಕವನು ಬ್ಯಾಂಕಿನ ಕ್ಯಾಷಿಯರ್. "ಕನ್ನಡಿ ಎಲ್ಲಾ ಹಳೇ ಕಾಲದ್ದು ಸಾರ್" ಎಂದು ತಮ್ಮ ಅವನ ತಲೆಯ ಹಿಂದೆ ಒಂದು ಗೇಣು ದೂರದಲ್ಲಿ ಕ್ಯಾಮೆರಾ ಹಿಡಿದು ಒತ್ತಿದ. ಕಿರ್. ಫಳ್. ಪರದೆಯಲ್ಲಿ ಕ್ಯಾಷಿಯರ್‌ನ ಹಿಂದಲೆ ಮೂಡಿತು, ನಟ್ಟನಡುವೆ ದುಂಡಗೆ ಬೆಳ್ಳಗೆ ಒಂದು ಬಯಲು.

"ಇದೇನು ತಮ್ಮಾ ಇದು, ಬಿಳಿ?"

ತಮ್ಮ ಪರದೆ ನೋಡಿದ, ತಲೆ ನೋಡಿದ. ತಲೆಯ ತುಂಬ ಕೂದಲು. ಅದೇ ಕೂದಲನ್ನು ಈಗಷ್ಟೇ ಬೆರಳ ಸಂದಿನಲ್ಲಿ ಹಿಡಿದು ಕತ್ತರಿಸಿದ್ದ. ಆದರೆ ಬೆರಳು ಓದಿದ್ದು ಎಷ್ಟು, ಮಷೀನು ಓದಿದ್ದು ಎಷ್ಟು? "ಬೋಳು ಶುರುವಾಗ್ತಿದೆ ಅನ್ಸುತ್ತೆ ಸಾರ್. ನಮ್ಮ ಕಣ್ಣಿಗೆ ಕಾಣೋ ಮುಂಚೆನೇ ಇದಕ್ಕೆ ಕಾಣುತ್ತೆ" ಎಂದುಬಿಟ್ಟ.

ಈ ಮಾತಿಗೆ ರೆಕ್ಕೆ ಬಂತು. ಬರಲಿರುವ ಬೋಳನ್ನು ಮೊದಲೇ ಹೇಳುವ ಕ್ಯಾಮೆರಾ! ನೋಡಿಸಿಕೊಳ್ಳಲು ಜನ ಸಾಲುಗಟ್ಟಿದರು, ನೋಡಿಸಿಕೊಂಡವರೆಲ್ಲ ಬಿಳಿಚಿಕೊಂಡು ಎದ್ದರು. ಬಂದವನೂ ಬೋಳು, ಅವನ ಹಿಂದೆ ನಿಂತವನೂ ಬೋಳು. ಕೂದಲ ಎಣ್ಣೆ ಮಾರುವ ಔಷಧಿ ಅಂಗಡಿಯವನು ತನ್ನ ಫೋಟೋ ನೋಡಿಕೊಂಡು, ಮಾರಬೇಕಿದ್ದ ಎಣ್ಣೆಯನ್ನೆಲ್ಲ ತಾನೇ ಹಚ್ಚಿಕೊಳ್ಳತೊಡಗಿದ. ಎಣ್ಣೆ ಹಚ್ಚಿದವನ ತಲೆ ಮುಂದಿನ ಫೋಟೋದಲ್ಲಿ ಇನ್ನಷ್ಟು ಬೆಳ್ಳಗೆ ಬಂತು. ಮೂರನೇ ವಾರಕ್ಕೆ, ಇರುವಷ್ಟನ್ನಾದರೂ ಉಳಿಸಿಕೊಳ್ಳೋಣ ಎಂದು ಬೀದಿಯವರು ಕಟಿಂಗ್ ಮಾಡಿಸುವುದನ್ನೇ ಬಿಟ್ಟರು. ಅಣ್ಣತಮ್ಮಂದಿರು ನೊಣ ಹೊಡೆಯುತ್ತಾ ಕೂತರು.

"ನಾನು ಜೀವಮಾನವೆಲ್ಲ ಮುಚ್ಚಿಟ್ಟಿದ್ದನ್ನ ಮೂರು ವಾರದಲ್ಲಿ ಬೀದಿಗೆ ಹಾಕಿದೆಯಲ್ಲೋ!" ಎಂದು ಅಣ್ಣ ತಲೆ ಮೇಲೆ ಕೈ ಹೊತ್ತ.

"ಅಣ್ಣಾ, ಇದು ವಿಜ್ಞಾನ" ಎಂದ ತಮ್ಮ. ಹೇಳುವಾಗ ಅವನ ದನಿ ಅವನಿಗೇ ಕೇಳಿಸಲಿಲ್ಲ.

ಮಧ್ಯಾಹ್ನದ ಊಟ ತಂದ ಅತ್ತಿಗೆ ಇಬ್ಬರ ಜೋಲುಮುಖ ನೋಡಿ, ವಿಷಯ ಕೇಳಿ, ಕುರ್ಚಿಯಲ್ಲಿ ಕೂತು ಬೆನ್ನು ತಿರುಗಿಸಿದಳು. "ನಂದೂ ತೆಗಿ, ನೋಡೇ ಬಿಡೋಣ." ಅವಳ ಜಡೆ ಮೊಣಕೈಯಷ್ಟು ದಪ್ಪ. ಕಿರ್. ಫಳ್. ಬೋಳು.

"ಬೆಳಗ್ಗೆ ಬಾಚೋಕೆ ಅರ್ಧ ಗಂಟೆ ಬೇಕು ನಂಗೆ. ಎರಡು ಬಾಚಣಿಗೆ ಮುರ್ದಿದೀನಿ. ಅದೆಲ್ಲ ಯಾರ ತಲೆನಪ್ಪಾ?" ಎಂದು ಅತ್ತಿಗೆ ಸುತ್ತ ನೋಡಿ, ಬಾಗಿಲ ಬಳಿ ಇದ್ದ ಗಂಡನ ಕರೀ ಬೂಟನ್ನು ಎತ್ತಿ ಕುರ್ಚಿಯ ಮೇಲಿಟ್ಟಳು. "ಈಗ ಇದನ್ನ ತೆಗಿ."

ಬೂಟಿನ ನೆತ್ತಿಯ ಮೇಲೂ ದುಂಡಗೆ ಬಿಳಿ ಬಿತ್ತು.

"ಪಾಪ, ಬೂಟಿಗೂ ಕೂದಲು ಉದುರ್ತಿದೆ, ಎಣ್ಣೆ ಹಚ್ಚು" ಎಂದಳು ಅತ್ತಿಗೆ. "ಅಷ್ಟು ಹತ್ರದಿಂದ ಬೆಳಕು ಬಿಟ್ರೆ ಯಾವುದು ತಾನೇ ಬೆಳ್ಳಗಾಗಲ್ಲ? ಆರಿಸು ಅದನ್ನ." ಬೆಳಕನ್ನು ಆರಿಸುವ ಗುಂಡಿ ಮೊದಲಿನಿಂದಲೂ ಅಲ್ಲೇ ಇತ್ತು. ಆದರೆ ಅದರ ಮೇಲೆ ಮಿಂಚಿನ ಗುರುತಿದ್ದುದರಿಂದ ಕರೆಂಟು ಹೊಡೆಯುವ ಗುಂಡಿಯೆಂದು ತಮ್ಮ ಅದನ್ನು ಮುಟ್ಟಿಯೇ ಇರಲಿಲ್ಲ. ಈಗ ಅದನ್ನು ಒತ್ತಿ ತೆಗೆದರೆ ಬೂಟು ಕಪ್ಪಗೇ ಬಂತು.

ಅವತ್ತೇ ಅಂಗಡಿಯ ಮುಂದೆ ಬೋರ್ಡು ಬಿತ್ತು: "ಯಾರಿಗೂ ಬೋಳಾಗಿಲ್ಲ. ತಪ್ಪು ಕ್ಯಾಮೆರಾದ್ದು. ಭಾನುವಾರ ಬಂದು ಮತ್ತೆ ನೋಡಿಕೊಳ್ಳಿ." ಆ ಭಾನುವಾರ ತಿಂಗಳ ಮೊದಲನೆಯದು ಎನ್ನುವುದು ತಮ್ಮನಿಗೆ ಹೊಳೆದದ್ದು, ಕಿಕ್ಕಿರಿದ ಅಂಗಡಿಯೊಳಕ್ಕೆ ಮೇಷ್ಟ್ರು ಛತ್ರಿ ಮಡಚುತ್ತಾ ಬಂದಾಗ.

ಅಂಗಡಿಯಲ್ಲಿ ಹಬ್ಬದ ಗದ್ದಲ. ಒಬ್ಬೊಬ್ಬರಾಗಿ ಕೂತು, ಪರದೆಯಲ್ಲಿ ತಂತಮ್ಮ ಕಪ್ಪು ನೆತ್ತಿ ನೋಡಿಕೊಂಡು, ಹೋದ ಜೀವ ಬಂದಂತೆ ಏಳುತ್ತಿದ್ದರು. ಕ್ಯಾಷಿಯರ್ ಅಂತೂ ತನ್ನ ತಲೆಯನ್ನು ತಾನೇ ಸವರಿಕೊಳ್ಳುತ್ತಾ ನಿಂತಿದ್ದ. ಮೇಷ್ಟ್ರು ಕಟಿಂಗ್ ಮಾಡಿಸಿಕೊಂಡರು. ತಮ್ಮ ಕೈಗನ್ನಡಿಯತ್ತ ಕೈ ಚಾಚಿದ.

"ಅದು ಬೇಡ ಕಣೋ" ಎಂದರು ಮೇಷ್ಟ್ರು. "ಎಲ್ಲರದೂ ತೆಗೀತಿದ್ದೀಯಲ್ಲ, ನಂದೂ ಒಂದು ತೆಗಿ."

ಆ ನೆತ್ತಿಯ ಸಂಗತಿ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಅಣ್ಣ ಸುಮ್ಮಸುಮ್ಮನೆ ಕೆಮ್ಮಿದ. ತಮ್ಮ ಕ್ಯಾಮೆರಾವನ್ನು ಮೇಷ್ಟ್ರ ತಲೆಯ ಹಿಂದೆ ಹಿಡಿದ, ಗುಂಡಿ ಒತ್ತಲಿಲ್ಲ. ಬಾಯಲ್ಲೇ "ಕಿರ್" ಎಂದ. ಆಮೇಲೆ, ಅಂದೇ ತೆಗೆದಿದ್ದ ಕ್ಯಾಷಿಯರ್‌ನ ಫೋಟೋವನ್ನು ಪರದೆಗೆ ತಂದು ಮೇಷ್ಟ್ರ ಮುಂದೆ ಹಿಡಿದ.

ಮೇಷ್ಟ್ರು ಕನ್ನಡಕ ಮೇಲೇರಿಸಿ ನಿಧಾನವಾಗಿ ನೋಡಿದರು. "ಕೂದಲು ಚೆನ್ನಾಗಿದೆ" ಎಂದರು. "ಆದ್ರೆ ಈ ಕಿವಿ ನಂದಲ್ಲ. ಇದು ನಾನು ಮೂರು ವರ್ಷ ಹಿಂಡಿದ ಕಿವಿ." ತಿರುಗಿ ಕ್ಯಾಷಿಯರ್‌ನತ್ತ ನೋಡಿದರು. ಅವನು ತಟ್ಟನೆ ಎರಡೂ ಕಿವಿ ಮುಚ್ಚಿಕೊಂಡ.

ತಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ತಪ್ಪಾಯ್ತು ಸಾರ್. ನಿಮಗೆ ಬೇಜಾರಾಗುತ್ತೆ ಅಂತ..." ಎಂದ.

"ಲೋ, ನನ್ನ ಕೆಲಸ ಏನು? ಬೋರ್ಡಿನ ಮೇಲೆ ಬರೆಯೋದು. ಬರೆಯುವಾಗ ಮುಖ ಎಲ್ಲಿರುತ್ತೆ? ಬೋರ್ಡಿನ ಕಡೆ. ಹಿಂದೆ ನಲವತ್ತು ಮಕ್ಕಳು ಕೂತಿರ್ತಾರೆ. ಅವು ಸುಮ್ನಿರ್ತವಾ? ಬೋಳಾದ ಮೊದಲನೇ ವರ್ಷವೇ ಅಡ್ಡಹೆಸರಿಟ್ಟು ಕೂಗಿದ್ವು."

"ಹಾಗಾದ್ರೆ ಹನ್ನೆರಡು ವರ್ಷದಿಂದ..."

"ಗೊತ್ತು. ನೀನು ಬೆರಳು ನಡುಗಿಸ್ತಾ ಕನ್ನಡಿ ಓರೆ ಮಾಡೋದೂ ಗೊತ್ತು. ನನಗೋಸ್ಕರ ಒಬ್ಬ ಇಷ್ಟು ಕಷ್ಟಪಡ್ತಾನಲ್ಲ ಅಂತ ನೋಡೋಕೇ ನಾನು ತಿಂಗಳು ತಿಂಗಳು ಬರ್ತಿದ್ದೆ."

ತಮ್ಮನಿಗೆ ಅಳು ಬಂತು, ಅಳುವಿನ ಜೊತೆಗೇ ನಗುವೂ ಬಂತು. ಎರಡರಲ್ಲಿ ಯಾವುದನ್ನು ತಡೆಯಬೇಕೆಂದು ತಿಳಿಯದೆ ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಈಗ ನಿಜವಾಗಿ ತೆಗಿ" ಎಂದರು ಮೇಷ್ಟ್ರು. "ಎಲ್ಲರೂ ನೋಡಿದ್ದಾರೆ, ನಾನೊಬ್ಬನೇ ನೋಡಿಲ್ಲ."

ತಮ್ಮ ಒತ್ತಿದ. ಕ್ಯಾಮೆರಾ ಎಂದಿನಂತೆ ಯೋಚನೆಗೆ ಬಿತ್ತು, ಆಮೇಲೆ ಕಿರ್ ಎಂದಿತು. ಮೇಷ್ಟ್ರು ಪರದೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿದರು. ಅಂಗಡಿಯವರೆಲ್ಲ ಕತ್ತು ಉದ್ದ ಮಾಡಿ ನಿಂತಿದ್ದರು.

"ಇಷ್ಟೇನಾ?" ಎಂದರು ಮೇಷ್ಟ್ರು. "ನೀನು ಮುಚ್ಚಿಡೋ ಅವಸ್ಥೆ ನೋಡಿ, ತಟ್ಟೆಯಷ್ಟಗಲ ಇರ್ಬೇಕು ಅಂದ್ಕೊಂಡಿದ್ದೆನಲ್ಲೋ!"

ಅಂಗಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ಮೇಷ್ಟ್ರೇ ನಕ್ಕರು. ನಗು ಮುಗಿದ ಮೇಲೆ, ಇದರದೊಂದು ಪ್ರತಿ ಹಾಕಿಸಿಕೊಡು, ಸ್ವಲ್ಪ ದೊಡ್ಡದಾಗೇ ಇರಲಿ, ಕ್ಲಾಸಿನ ಗೋಡೆಗೆ ಹಾಕಬೇಕು ಎಂದರು.