ಅಜ್ಜಿಕೆಮ್ಮು ಗಂಟೆ

"ತಾತನ ಹೆಣಾನ ಪುಟಪುಟವಾಗಿ ಮಾರಿ ಹೊಟ್ಟೆ ಹೊರ್ಕೊಂಡೋನು ನೀನು. ನಮಗೆ ನ್ಯಾಯ ಹೇಳೋಕೆ ಬಂದ್ಯೇನೋ?"

ಭಾನುವಾರದ ಪ್ರಾರ್ಥನೆ ಮುಗಿಸಿ ಸಭಾಭವನದಲ್ಲಿ ಸೇರಿದ್ದ ಅಷ್ಟೂ ಜನರೆದುರು ಹೆಡ್ಲಿ ಪೆಂಗೆಲಿ ಎದ್ದು ನಿಂತು ಹೇಳಿದ ಮಾತಿದು. ಯಾರೋ ಕಿಸಕ್ಕನೆ ನಕ್ಕರು. ಟೀ ಬಗ್ಗಿಸುತ್ತಿದ್ದ ಟ್ಯಾಮ್ಸಿನ್‌ಳ ಕೈ ಅಲ್ಲೇ ನಿಂತಿತು. ಆಂಬ್ರೋಸ್ ನ್ಯಾನ್ಸ್‌ನ ಕಿವಿ ಕಾದವು. ತನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವನು ಈ ಹೆಡ್ಲಿ.

ಆಂಬ್ರೋಸ್‌ನ ತಾತ ಸಿಪಾಯಿಯಾಗಿದ್ದಾಗ ಬರ್ಮಾದ ದೇಗುಲದಿಂದ ಕಿತ್ತು ತಂದ, ಚರ್ಚಿನ ಅಂಗಳದ ಗಂಟೆಯನ್ನು ವಾಪಸ್ ಕಳಿಸೋದೋ ಬೇಡವೋ, ಅವತ್ತು ಊರು ಕೈಯೆತ್ತಿ ತೀರ್ಮಾನಿಸಬೇಕಿತ್ತು. ಆಂಬ್ರೋಸ್ ಬದುಕೆಲ್ಲ ಬರೆದದ್ದು ಇಂಥ ಲೂಟಿಯ ಚರಿತ್ರೆಯನ್ನೇ. ಹತ್ತೊಂಬತ್ತರ ಹುಡುಗನಾಗಿದ್ದಾಗ ಒಂದು ಫೋಟೋ ಸಿಕ್ಕಿತ್ತು: ಇದೇ ಗಂಟೆಯ ಮೇಲೆ ಕಾಲು ಚಾಚಿ ಕೂತು ನಗುತ್ತಿರುವ ತಾತ, ಹಿಂದೆ ಉರಿಯುತ್ತಿರುವ ಊರು. ಆ ನಗು ಅವನನ್ನು ಬಿಡಲಿಲ್ಲ. ಅದನ್ನು ಬರೆದ, ಅಣ್ಣತಮ್ಮಂದಿರು ಕ್ರಿಸ್‌ಮಸ್ ಊಟಕ್ಕೆ ಕರೆಯುವುದನ್ನು ಬಿಟ್ಟರು. ಮತ್ತೂ ಬರೆದ, ಸತ್ತವರ ಜೊತೆ ಸಂಸಾರ ಮಾಡೋನ ಜೊತೆ ನಾನಿರಲಾರೆ ಅಂತ ಹೆಂಡತಿ ಹೊರಟಳು. ದೊಡ್ಡ ದೊಡ್ಡ ವಿದ್ವಾಂಸರು ಹೊಗಳಿ, ಚಪ್ಪಾಳೆ ತಟ್ಟಿ, ತಮ್ಮ ತಮ್ಮ ಮನೆಗೆ ಹೋದರು. ಗಂಟೆ ಮಾತ್ರ ಇದ್ದಲ್ಲೇ ಇತ್ತು.

"ನಾನು ಕೇಳಿದ್ದೇನು ಹೆಡ್ಲಿ? ಕೈಯೆತ್ತೋ ಮೊದಲು ಒಂದ್ಸಲ ಅದರ ದನಿ ಕೇಳಿ ಅಂದೆ, ಅಷ್ಟೇ."

"ವರ್ಷಾವರ್ಷ ಕೇಳ್ತೀವಲ್ಲಯ್ಯ! ನಮ್ಮಪ್ಪ ಬಡಿದು ಹಾಕಿದ ನಾಲಗೆ ಅದು."

"ಅದಕ್ಕೇ ಹಂಗೆ ಕೆಮ್ಮುತ್ತೆ," ಅಂದಳು ಟ್ಯಾಮ್ಸಿನ್. ಎಲ್ಲರೂ ನಕ್ಕರು.

ಯುದ್ಧದಲ್ಲಿ ಸತ್ತವರ ನೆನಪಿಗೆ ಪ್ರತಿ ನವೆಂಬರಿನಲ್ಲಿ ಹೆಡ್ಲಿಯೇ ಹಗ್ಗ ಜಗ್ಗುತ್ತಿದ್ದ. ಕಬ್ಬಿಣದ ನಾಲಗೆ ಒಳಗಿಂದ ಬಡಿದು ಒಡಕು ಬಾಣಲೆಯ ಸದ್ದು ಬರುತ್ತಿತ್ತು. ಮಕ್ಕಳು ಅದಕ್ಕೆ ಇಟ್ಟ ಹೆಸರು ಅಜ್ಜಿಕೆಮ್ಮು. ಮಿಕ್ಕ ದಿನವೆಲ್ಲ ಗಂಟೆಯ ಸುತ್ತಲಿನ ಕಬ್ಬಿಣದ ಜಾಲರಿಗೆ ಬೀಗ. ಬೀಗದ ಕೈ ಹೆಡ್ಲಿಯ ಜೇಬಿನಲ್ಲಿ.

"ಆ ಗಂಟೆಗೆ ನಾಲಗೆ ಇರಲೇ ಇಲ್ಲ," ಅಂದ ಆಂಬ್ರೋಸ್. "ಅದನ್ನ ಹೊರಗಿಂದ ಮರದಲ್ಲಿ ಹೊಡೀತಾರೆ. ಯಾರಾದ್ರೂ ಒಳ್ಳೇದು ಮಾಡಿದ್ರೆ, ಆ ಪುಣ್ಯ ಎಲ್ಲ ಜೀವಕ್ಕೂ ಸೇರಲಿ ಅಂತ ಮೂರು ಏಟು. ನಾನು ಬರ್ಮಾದ ಆ ಊರಿಗೆ ಹೋದಾಗ, ಗಂಟೆ ತೂಗಿದ್ದ ತೇಗದ ಎರಡು ಕಂಬ ಹಾಗೇ ನಿಂತಿದ್ವು, ನಡುವೆ ಬರೀ ಗಾಳಿ. ಒಬ್ಬ ಮುದುಕಿ ದಿನಾ ಸಂಜೆ ಬಂದು ಆ ಕಂಬಕ್ಕೇ ಮೂರು ಸಲ ಹೊಡೀತಿದ್ಲು. ಗಂಟೆ ಇನ್ನೂ ಮಾತಾಡುತ್ತಾ ಅಲ್ಲಿ ಅಂತ ನನ್ನ ಕೇಳಿದ್ಲು. ಏನು ಹೇಳಲಿ? ನನಗೂ ಗೊತ್ತಿರಲಿಲ್ಲ."

ಹೆಡ್ಲಿ ಬೀಗದ ಕೈಯನ್ನು ಅವನ ಕಾಲ ಬುಡಕ್ಕೆ ಎಸೆದ. "ಹೋಗು, ಹೊಡಿ. ನಾವೂ ಒಂದಿಷ್ಟು ನಗ್ತೀವಿ."

ಊರೆಲ್ಲ ಅಂಗಳಕ್ಕೆ ಬಂತು. ಡೇರೆಯ ಗೂಟ ಹೊಡೆಯುವ ಮರದ ಸುತ್ತಿಗೆಯನ್ನು ಟ್ಯಾಮ್ಸಿನ್ ಉಗ್ರಾಣದಿಂದ ತಂದುಕೊಟ್ಟಳು. ಆಂಬ್ರೋಸ್ ಜಾಲರಿ ತೆಗೆದು, ಕತ್ತಿನ ಮಫ್ಲರ್ ಬಿಚ್ಚಿ ಕಬ್ಬಿಣದ ನಾಲಗೆಯನ್ನು ಅಲುಗದಂತೆ ಕಟ್ಟಿದ. ಇಷ್ಟು ವರ್ಷ ಬರೆದದ್ದರ ದನಿಯನ್ನು ಅವನೂ ಕೇಳಿರಲಿಲ್ಲ. ತಗಡಿನ ಸದ್ದೇ ಬಂದರೆ? ಊರು ನಗುತ್ತದೆ, ಒಂದು ಕೈಯೂ ಮೇಲೇಳುವುದಿಲ್ಲ, ಆ ಕಂಬಗಳು ಹಾಗೇ ನಿಂತಿರುತ್ತವೆ.

ಹೊಡೆದ.

ಮೊದಲು ಏನೂ ಕೇಳಿಸಲಿಲ್ಲ ಎಂದೇ ಅನ್ನಿಸಿತು. ಆಮೇಲೆ ಅಂಗಾಲಿನಿಂದ ಏರಿ ಬಂತು. ನೆಲದೊಳಗೆ ಮಲಗಿದ್ದ ಯಾವುದೋ ದೊಡ್ಡ ಜೀವ ನಿಧಾನಕ್ಕೆ ಉಸಿರೆಳೆದುಕೊಂಡ ಹಾಗೆ. ದನಿ ಎದೆಗೂಡು ತುಂಬಿ, ಕಲ್ಲಿನ ಗೋಡೆ ದಾಟಿ, ಬಂದರಿನ ನೀರಿನ ಮೇಲೆ ಹರಡಿತು. ಮೀನಿಗೆ ಕಿತ್ತಾಡುತ್ತಿದ್ದ ಕಡಲಹಕ್ಕಿಗಳು ಬಾಯಿ ಮುಚ್ಚಿದವು. ಮುಗಿಯಿತು ಅಂದುಕೊಂಡಾಗಲೆಲ್ಲ ಅದರ ಅಡಿಯಿಂದ ಇನ್ನೊಂದು ದನಿ ಏಳುತ್ತಿತ್ತು. ಹೆಂಗಸೊಬ್ಬಳು ಯಾಕೆಂದು ತಿಳಿಯದೆ ಅಳುತ್ತಿದ್ದಳು. ಆಂಬ್ರೋಸ್‌ಗೆ ತಾತನ ನಗು ನೆನಪಾಯಿತು. ಇದರ ಮೇಲೆ ಕೂತಿದ್ದನಲ್ಲ ಆ ಪುಣ್ಯಾತ್ಮ, ಇದರ ಮೇಲೆ! ತಾನು ಬರೆದ ಅಷ್ಟೂ ಸಾಲು ಈ ಒಂದು ಏಟಿನ ಮುಂದೆ ಧೂಳು ಅನ್ನಿಸಿತು, ಹಾಗನ್ನಿಸಿದ್ದಕ್ಕೆ ಹಗುರವೂ ಆಯಿತು.

ಎರಡನೆಯ ಏಟು ಹೊಡೆದ.

ದನಿ ಆರುವ ಮೊದಲೇ ಟ್ಯಾಮ್ಸಿನ್ ಕೈಯೆತ್ತಿದಳು. "ಕಳಿಸಿಬಿಡೋಣ ಕಣ್ರಪ್ಪಾ. ಅವರ ಬಾಯಿ ಕಿತ್ಕೊಂಡು ಬಂದಿದೀವಿ ನಾವು." ಒಂದೊಂದೇ ಕೈ ಮೇಲೆದ್ದವು. ಅರ್ಧಕ್ಕಿಂತ ಎಷ್ಟೋ ಹೆಚ್ಚು.

ಹೆಡ್ಲಿ ಕೈಯೆತ್ತಲಿಲ್ಲ. ಅವನ ಎರಡೂ ಅಂಗೈ ಗಂಟೆಯ ಮೈಮೇಲಿದ್ದವು, ಜ್ವರ ಬಂದ ಮಗುವನ್ನು ಮುಟ್ಟಿದ ಹಾಗೆ. ಅಪ್ಪ ಹಾಕಿದ ನಾಲಗೆಯನ್ನು ಒಮ್ಮೆ ನೋಡಿದ, ನೋಟ ಬೇರೆಡೆ ತಿರುಗಿಸಿದ.

"ಮೂರು ಅಂದ್ಯಲ್ಲೋ ಆಂಬ್ರೋಸ್," ಅಂದ. ದನಿಯಲ್ಲಿ ಕೊಂಕಿರಲಿಲ್ಲ. "ಇನ್ನೊಂದು ಬಾಕಿ ಇದೆ. ಹೊಡಿಯೋ. ಹೊಡಿ ಮಾರಾಯ, ಕೇಳಬೇಕು."

ಆಂಬ್ರೋಸ್ ಸುತ್ತಿಗೆಯನ್ನು ಹುಲ್ಲಿನ ಮೇಲೆ ಮಲಗಿಸಿದ. ಮೂರನೆಯ ಏಟು ತೇಗದ ಆ ಕಂಬಗಳ ನಡುವೆ, ಆ ಮುದುಕಿಯ ಊರಿನಲ್ಲಿ ಬೀಳಬೇಕಾದದ್ದು. ನಾಲಗೆಗೆ ಕಟ್ಟಿದ ಮಫ್ಲರನ್ನೂ ಬಿಚ್ಚಿಕೊಳ್ಳದೆ ಬಂದರಿನ ಕಡೆಯ ಇಳಿಜಾರು ಹಿಡಿದು ನಡೆದ.