ಮೈದಾನದ ತೊಗರಿಗೆ ಅಧ್ಯಕ್ಷರ ಉತ್ತರ

ಮದಿಹಾ ಮೈದಾನಕ್ಕೆ ಬಂದಾಗ ಮೈದಾನ ಇರಲಿಲ್ಲ. ಅದರ ಜಾಗದಲ್ಲಿ ತೊಗರಿ ಇತ್ತು. ಈ ಗೋಡೆಯಿಂದ ಆ ಗೋಡೆವರೆಗೆ ತಾಡಪತ್ರಿ ಹಾಸಿ ಹರವಿದ್ದರು. ಕಾಯಲು ಕೂತಿದ್ದ ಆಳು ಕೋಲೆತ್ತಿ, “ತುಳೀಬ್ಯಾಡ್ರಿ ಯವ್ವಾ, ಅಧ್ಯಕ್ಷರ ಮಾಲು” ಅಂದ.

ಜನವರಿ ಕೊನೆಗೆ ಕಲಬುರಗಿಯಲ್ಲಿ ಹುಡುಗಿಯರ ಖೋಖೋ ಪಂದ್ಯ. ಕಮಲಾಪುರದ ಈ ಸರ್ಕಾರಿ ಪ್ರೌಢಶಾಲೆಯಿಂದ ಹುಡುಗಿಯರ ತಂಡವೊಂದು ಅಲ್ಲಿಗೆ ಹೊರಟಿದ್ದು ಇದೇ ಮೊದಲು. ಮದಿಹಾ ನಾಯಕಿ, ಹತ್ತನೇ ಕ್ಲಾಸು. ಹತ್ತು ಮುಗಿದ ಮೇಲೆ ಅವಳನ್ನು ಯಾರು ಓಡಲು ಬಿಡುತ್ತಾರೆ? ಆಡಿದರೆ ಈ ವರ್ಷ, ಇಲ್ಲವಾದರೆ ಇಲ್ಲ.

ಡ್ರಿಲ್ ಮಾಸ್ತರು ತೊಗರಿ ನೋಡಿ ತಲೆ ಕೆರೆದುಕೊಂಡು, “ಸದ್ಯಕ್ಕ ಕ್ಲಾಸಿನಾಗ ಥಿಯರಿ ಮಾಡೋಣು” ಅಂದರು. ಬೋರ್ಡಿನ ಮೇಲೆ ಚುಕ್ಕಿ ಇಟ್ಟು, ಗೆರೆ ಎಳೆದು, ಹೇಗೆ ಓಡಬೇಕು ಎಂದು ಕಲಿಸಿದರು. ಹುಡುಗಿಯರು ಬೆಂಚಿನ ಮೇಲೆ ಕೂತೇ ಓಡಿದರು.

ಸರ್ಕಾರಿ ಶಾಲೆಯ ಮೈದಾನವೆಂದರೆ ಊರಿನ ದೊಡ್ಡವರ ಕಣ್ಣಿಗೆ ಖಾಲಿ ಜಾಗ. ಮದುವೆಗೆ ಪೆಂಡಾಲು ಅಲ್ಲಿ, ಚುನಾವಣೆಗೆ ವೇದಿಕೆ ಅಲ್ಲಿ, ಸುಗ್ಗಿ ಬಂದರೆ ರಾಶಿ ಅಲ್ಲಿ. ಹುಡುಗರು ಕ್ರಿಕೆಟ್ ಆಡುವಾಗ ಮಾತ್ರ ಅದು ಮೈದಾನ. ಹುಡುಗಿಯರು ಲಂಗದ ಚುಂಗು ಸಿಕ್ಕಿಸಿ ನಿಂತರೆ ಮತ್ತೆ ಖಾಲಿ ಜಾಗ.

“ಇದು ಪೇಪರಿಗಿ ಬರಬೇಕು” ಅಂದಳು ಮದಿಹಾ.

ಪೇಪರು ಎಂದರೆ ‘ಕೆಂಪು ಬಾಳೆ’. ಮಕ್ಕಳೇ ಬರೆದು, ಫೋಟೋ ತೆಗೆದು, ಇಂಟರ್‌ನೆಟ್ಟಿನಲ್ಲಿ ಹಾಕುವ ಶಾಲಾ ಪತ್ರಿಕೆ. ಊರಿನ ಬಾಳೆಹಣ್ಣಿನ ಹೆಸರನ್ನೇ ಇಟ್ಟಿದ್ದರು. ಕನ್ನಡ ಕಲಿಸುವ ಭುವನೇಶ್ವರಿ ಮೇಡಂ ಇದರ ಹಿಂದೆ ನಿಂತವರು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಮನೆ, ದಿನಾ ಬಸ್ಸಿಗೆ ಬಂದು ಹೋಗುವವರು. ಓದುವ ಕಾಲದಲ್ಲಿ ಶಹಾಬಜಾರದ ಒಂದು ಮಾಳಿಗೆಯ ಮೇಲೆ ಸೇರುತ್ತಿದ್ದ ಓದುಗರ ಬಳಗದಲ್ಲಿ ಜಗಳವಾಡಿ ಬೆಳೆದವರು. ಅಲ್ಲಿ ಒಂದು ಪದ್ಧತಿ ಇತ್ತು: ಯಾರನ್ನು ಬಯ್ಯುತ್ತೀರೋ ಅವರನ್ನು ಎದುರಿಗೆ ಕೂರಿಸಿಕೊಂಡು ಬಯ್ಯಬೇಕು, ಅವರಿಗೂ ಮಾತಾಡಲು ಬಿಡಬೇಕು. ಮೇಡಂ ಅದನ್ನೇ ಮಕ್ಕಳಿಗೆ ನಿಯಮ ಮಾಡಿದ್ದರು. ಸುದ್ದಿಯಲ್ಲಿ ಯಾರ ಹೆಸರು ಬರುತ್ತದೋ ಅವರನ್ನು ಕೇಳಿಯೇ ಹಾಕಬೇಕು.

ಪತ್ರಿಕೆ ಶುರುವಾದಾಗ ಹೆಡ್‌ಮಾಸ್ತರು ವಿವೇಕಾನಂದ ಸರ್ ಒಂದು ಜಾಣತನ ಮಾಡಿದರು. ಆ ವೆಬ್‌ಸೈಟು ತೆರೆಯಲು ದೊಡ್ಡವರದೊಂದು ಫೋನ್ ನಂಬರು ಬೇಕಿತ್ತು. “ಅಧ್ಯಕ್ಷರ ನಂಬರೇ ಕೊಡ್ರಿ ಮೇಡಂ. ನಾಳಿ ಯಾರೂ ತಕರಾರು ತೆಗೆಯಂಗಿಲ್ಲ” ಅಂದರು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಅಣವೀರಪ್ಪನವರು ಖುಷಿಯಿಂದ ನಂಬರು ಕೊಟ್ಟರು. ಉದ್ಘಾಟನೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಟೇಬಲ್ಲಿನ ಅಂಚಿಗೇ ತೆಂಗಿನಕಾಯಿ ಒಡೆದರು. ನೀರು ಕೀಬೋರ್ಡಿಗೆ ಹಾರಿ, ಮೇಡಂ ಸೆರಗಿನಿಂದ ಒರೆಸಿ ಒರೆಸಿ ಸಾಕಾದರು. ಅಂದಿನಿಂದ ಪ್ರತಿ ಸಲ ಪತ್ರಿಕೆ ಹಾಕುವಾಗ ಅಣವೀರಪ್ಪನವರ ಮೊಬೈಲಿಗೆ ಒಟಿಪಿ ಬರುತ್ತಿತ್ತು. ಅವರು ಆ ಆರು ಅಂಕಿ ಹೇಳಿದರೆ ಪತ್ರಿಕೆ ಹೊರಡುತ್ತಿತ್ತು. ಸಸಿ ನೆಟ್ಟ ಸುದ್ದಿ, ಕೆಂಪು ಬಾಳೆಯ ಸುದ್ದಿ, ಸ್ವಾತಂತ್ರ್ಯ ದಿನದ ಸುದ್ದಿ ಎಲ್ಲ ಹಾಗೇ ಹೊರಟವು. ಅವರೂ ಊರಿನ ಎಲ್ಲ ಗ್ರೂಪಿಗೂ ಕಳಿಸಿ ಮೆರೆದಿದ್ದರು.

ಈಗ ತೊಗರಿ ಅಣವೀರಪ್ಪನವರದು. ಸಂಪಾದಕಿ ಸೃಷ್ಟಿ ಅಣವೀರಪ್ಪನವರ ಮಗಳು.

ಶುಕ್ರವಾರ ಸಂಪಾದಕರ ಸಭೆಯಲ್ಲಿ ಮದಿಹಾ ಸುದ್ದಿ ಓದಿದಾಗ ಎಲ್ಲರೂ ಸೃಷ್ಟಿಯ ಕಡೆ ನೋಡಿದರು. ಸೃಷ್ಟಿ ಪೆನ್ನಿನ ಟೋಪಿ ನೋಡಿದಳು. ಮೇಡಂ ಅವಳ ಸಂಕಟ ನೋಡಿ ನಡುವೆ ಬಂದರು. “ಹಿಂಗ ಮಾಡಿದ್ರ ಹ್ಯಾಂಗ? ‘ಮೈದಾನದಲ್ಲಿ ಬೆಳೆ ಒಣಗಿಸಲಾಗುತ್ತಿದೆ’ ಅಂತ ಅಷ್ಟೇ ಬರಿಯೋಣು. ಹೆಸರು ಬ್ಯಾಡ.”

“ಹೆಸರಿಲ್ದ ಸುದ್ದಿ ನನಗ ಬ್ಯಾಡ್ರಿ ಮೇಡಂ” ಅಂದಳು ಮದಿಹಾ. “ತೊಗರಿ ತಾನೇ ನಡಕೋತ ಬಂದು ಮಲಗ್ಯದೇನು?”

ಯಾರೋ ಕಿಸಕ್ಕನೆ ನಕ್ಕರು. ಸೃಷ್ಟಿಯೂ ನಕ್ಕಳು, ಆಮೇಲೆ ಪೆನ್ನಿಗೆ ಟೋಪಿ ಹಾಕಿದಳು.

“ಹೆಸರು ಹಾಕೋಣು. ಆದ್ರ ಮೊದಲ ಕೇಳಬೇಕು. ನಮ್ಮ ನಿಯಮ ಅದ. ನಮ್ಮಪ್ಪಗ ನಾನೇ ಕೇಳ್ತೀನಿ. ಉಳಿದವರಿಗಿ ನೀವು ಕೇಳ್ರಿ.”

ಉಳಿದವರು ಕೇಳಿದರು, ಚೆನ್ನಾಗಿಯೇ ಕೇಳಿದರು. ವಿವೇಕಾನಂದ ಸರ್ “ನಾ ಮೀಟಿಂಗಿನಾಗ ಇದ್ದೀನಿ” ಅಂದರು. ಆಗ ಅವರು ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು. ಬಿಸಿಯೂಟದ ಅಡುಗೆಯ ಜೈನಾಬಿ, “ನಾ ಏನೂ ಹೇಳಂಗಿಲ್ಲ ಬೇಟಾ, ಹೇಳಿದ್ರೂ ಬರೀಬ್ಯಾಡ್ರಿ” ಎಂದು ಶುರುಮಾಡಿ ಸಾರು ಕುದಿದು ಉಕ್ಕುವ ತನಕ ಹೇಳಿದಳು. ಮಕ್ಕಳು ಅಂಗಡಿಗೆ ಹೋದರು, ಬಸ್‌ಸ್ಟ್ಯಾಂಡಿಗೆ ಹೋದರು, ಪಾಲಕರ ಮನೆಗೂ ಹೋದರು. ಹೋದಲ್ಲೆಲ್ಲ ಒಂದೇ ಪ್ರಶ್ನೆ: “ಶಾಲಿ ಮೈದಾನದಾಗ ಅಧ್ಯಕ್ಷರು ತೊಗರಿ ಹಾಕ್ಯಾರ. ಇದಕ್ಕ ನೀವೇನಂತೀರಿ?”

ಅಂದು ರಾತ್ರಿ ಊಟಕ್ಕೆ ಕೂತ ಅಪ್ಪನ ಎದುರು ಸೃಷ್ಟಿ ಪೆನ್ನು ಹಿಡಿದು ಕೂತಳು.

“ಅಧ್ಯಕ್ಷರ, ‘ಕೆಂಪು ಬಾಳೆ’ ಪತ್ರಿಕೆಯಿಂದ ಒಂದು ಪ್ರಶ್ನೆ ಅದರಿ.”

ಅಣವೀರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೆಂಡತಿ ಸೂಗಮ್ಮನ ಕಡೆ ನೋಡಿದರು. “ನೋಡು, ಅಧ್ಯಕ್ಷರ ಅಂತಾಳ! ಕೇಳವ್ವಾ ಕೇಳು.”

“ಶಾಲಿ ಮೈದಾನದಾಗ ನಿಮ್ಮ ತೊಗರಿ ಯಾಕ ಅದ? ಹುಡುಗೇರು ಎಲ್ಲಿ ಆಡಬೇಕು?”

ಸೂಗಮ್ಮ ಒಲೆಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡರು. ನಗುವಿಗೆ ಹೆಗಲು ಕುಣಿಯುತ್ತಿದ್ದವು.

“ಯಾರು ಕಲಿಸ್ಯಾರ ನಿನಗ ಇದು? ಆ ಮೇಡಮ್ಮೇನು?”

“ಪ್ರಶ್ನಿ ನಂದೇ.”

“ಇದನ್ನ ಬರೀಬ್ಯಾಡ.”

“ಅಧ್ಯಕ್ಷರು ‘ಬರೀಬ್ಯಾಡ’ ಅಂದರು ಅಂತ ಹಾಕಲೇನು?”

ಅಣವೀರಪ್ಪನವರಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಸಂಗತಿ ನೆನಪಾಗಿ ಸಮಾಧಾನವೂ ಬಂತು. ಕಿಸೆಯ ಮೊಬೈಲನ್ನು ತಟ್ಟಿ ಹೇಳಿದರು: “ಬರಿ. ಪುರಾಣ ಬರಿ. ನಂಬರು ಇದಕ್ಕೇ ಬರ್ತದ. ಹ್ಯಾಂಗ ಹಾಕ್ತಿ ನೋಡ್ತೀನಿ.”

ಪತ್ರಿಕೆಯ ಬೀಗದ ಕೈ ಯಾರ ಕಿಸೆಯಲ್ಲಿದೆ ಎಂಬುದು ಸೃಷ್ಟಿಗೆ ಆಗ ಹೊಳೆಯಿತು. ಕಾಯಿ ಒಡೆದವರದೇ ಕಿಸೆ.

ಭಾನುವಾರ ಸೃಷ್ಟಿ, ಮದಿಹಾ ಇಬ್ಬರೂ ಆಧಾರ್ ಕಾರ್ಡ್ ತೋರಿಸಿ ಕಲಬುರಗಿ ಬಸ್ಸು ಹತ್ತಿದರು. ಹಳೆಯ ಸಂಚಿಕೆಗಳನ್ನು ಜೋಡಿಸಿದ್ದೂ ಮೇಡಂ ಮನೆಯಲ್ಲೇ, ಅವರ ಲ್ಯಾಪ್‌ಟಾಪಿನಲ್ಲೇ. ಮೇಡಂ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ಮುಂದಿಟ್ಟರು. ಸುದ್ದಿ ಕೂರಿಸಿದರು, ಫೋಟೋ ಕೂರಿಸಿದರು. ತಲೆಬರಹ: ‘ಖೋಖೋ ಮೈದಾನದಲ್ಲಿ ಅಧ್ಯಕ್ಷರ ತೊಗರಿ’. ಕೊನೆಗೆ ಒಟಿಪಿ ಕೇಳಿತು. ಸೃಷ್ಟಿ ಅಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

“ಅಪ್ಪಾ, ನಂಬರ್ ಬಂದದೇನು?”

“ಬಂದದವ್ವಾ. ಆರು ಅಂಕಿ ಅವ. ಭಾರೀ ಛಲೋ ಅವ. ಹೇಳಂಗಿಲ್ಲ.”

ಫೋನು ಕಟ್ ಆಯಿತು. ಮದಿಹಾ ಭಜಿಯ ತೊಟ್ಟು ಮುರಿದು ತಟ್ಟೆಗೆ ಹಾಕಿದಳು. ಮೇಡಂ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು.

“ನನ್ನ ನಂಬರ್ ಹಾಕಿ ಬ್ಯಾರೆ ಪೇಪರ್ ತೆಗೀತೀನಿ. ಬ್ಯಾರೆ ಹೆಸರು ಇಡೋಣು. ಹತ್ತು ನಿಮಿಷದ ಕೆಲಸ.”

“ಬ್ಯಾಡ್ರಿ ಮೇಡಂ” ಅಂದಳು ಸೃಷ್ಟಿ. “ಪೇಪರ್ ನಮ್ಮದು. ಬ್ಯಾರೆ ಹೆಸರಿಟ್ಟು ಹಾಕಿದ್ರ ಕದ್ದು ಹಾಕಿದಂಗ ಆಗ್ತದ. ನಾವೇನು ಕದ್ದೀವಿ? ಮೈದಾನ ಅವರು ತಗೊಂಡಾರ, ಪೇಪರೂ ಬಿಟ್ಟುಕೊಡಬೇಕೇನು?”

ಮೇಡಂ ಇನ್ನಷ್ಟು ಸುಸಲಾ ತರಲು ಒಳಗೆ ಹೋದರು.

ಅತ್ತ ಕಮಲಾಪುರದಲ್ಲಿ ಅಣವೀರಪ್ಪ ಗೆದ್ದ ಹುರುಪಿನಲ್ಲಿ ಚಾಂದಪಾಶಾನ ಚಹಾದ ಹೋಟೆಲಿಗೆ ಬಂದರು.

“ಬರ್ರಿ ಅಧ್ಯಕ್ಷ ಸಾಬ್” ಅಂದ ಚಾಂದಪಾಶಾ. “ಬ್ಯಾಳಿ ಹ್ಯಾಂಗ ಕಿಲೋ?”

“ಯಾವ ಬ್ಯಾಳಿ?”

“ಅದೇ ರೀ, ಮಕ್ಕಳ ಊಟದ ಬ್ಯಾಳಿ. ಮೈದಾನದಾಗ ಒಣಾ ಹಾಕ್ಯಾರಂತಲ್ಲ.”

ಪ್ರಶ್ನೆ ಜೈನಾಬಿಯ ಅಡುಗೆಮನೆಯಿಂದ ಹೊರಟಾಗ ತೊಗರಿಯಾಗಿತ್ತು. ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬೇಳೆಯಾಗಿತ್ತು. ಶಾಲೆ, ಅಡುಗೆಯವಳು, ತೊಗರಿ, ಅಧ್ಯಕ್ಷರು ಇಷ್ಟು ಸಿಕ್ಕ ಮೇಲೆ ಉಳಿದ ಒಗ್ಗರಣೆಯನ್ನು ಊರು ತಾನೇ ಹಾಕಿಕೊಂಡಿತ್ತು.

“ಬ್ಯಾಳಿ ಅಲ್ಲೋ ಮಾರಾಯಾ, ತೊಗರಿ!”

“ಒಡದ್ರ ಬ್ಯಾಳಿನೇ ಅಲ್ರೀ” ಅಂದ ಮೂಲೆಯಲ್ಲಿ ಕೂತಿದ್ದವನೊಬ್ಬ.

“ಇವತ್ತ ಪೇಪರಿನಾಗ ಬರ್ತದಂತ” ಅಂದ ಇನ್ನೊಬ್ಬ. “ನಾ ಮೊಬೈಲ್ ಫುಲ್ ಚಾರ್ಜ್ ಮಾಡಿ ಇಟ್ಟೀನಿ.”

“ಬರಂಗಿಲ್ಲ! ಹ್ಯಾಂಗ ಬರ್ತದ? ನಾ ನಂಬರ್ ಕೊಟ್ಟಿಲ್ಲ!”

ಚಾಂದಪಾಶಾ ಚಹಾ ಸೋಸುವುದನ್ನು ನಿಲ್ಲಿಸಿದ. “ಅಂದ್ರ, ನೀವೇ ತಡದೀರಿ?” ಎಂದು ಮೆಲ್ಲಗೆ ಕೇಳಿದ. “ಹಂಗಾರ ಖರೇನೇ ಇರಬೇಕು.”

ಅಣವೀರಪ್ಪ ಚಹಾ ಮುಟ್ಟದೆ ಹೊರಗೆ ಬಂದು ಫೋನು ಹಚ್ಚಿದರು. ಕಲಬುರಗಿಯಲ್ಲಿ ಮೂವರ ಕೈಗೂ ಎಣ್ಣೆ. ಮೇಡಂ ಮೊಣಕೈಯಿಂದ ಸ್ಪೀಕರ್ ಒತ್ತಿದರು.

“ಸೃಷ್ಟಿ! ಬರಕೋ! ನನ್ನ ಉತ್ತರ ಬರಕೋ! ಮಕ್ಕಳ ಬ್ಯಾಳಿ ನಾ ತಿಂದೀನಂತ ಅಂತಾರ ಈ ಮಂದಿ!”

“ಹೇಳ್ರಿ ಅಧ್ಯಕ್ಷರ” ಅಂದಳು ಸೃಷ್ಟಿ, ಕೈ ಒರೆಸಿಕೊಂಡು.

“ಮೈದಾನದಾಗ ಇದ್ದದ್ದು ಬಿಸಿಯೂಟದ ಬ್ಯಾಳಿ ಅಲ್ಲ. ಅದು ತೊಗರಿ. ಪೂರಾ ನಂದು. ನನ್ನ ಹೊಲದಾಗ ಬೆಳದದ್ದು, ನನ್ನ ಟ್ರ್ಯಾಕ್ಟರಿನಾಗ ತಂದದ್ದು, ನಾನೇ ನಿಂತು ಹಾಕಿಸಿದ್ದು. ಒಂದು ಕಾಳೂ ಬ್ಯಾರೆಯವರದಲ್ಲ. ಬರದೇನು?”

“ಬರದೆ. ಮೈದಾನದಾಗೇ ಯಾಕ ಹಾಕಿಸಿದ್ರಿ?”

“ರೋಡಿನ ಮ್ಯಾಲ ಹಾಕಿದ್ರ ಗಾಡಿ ಹಾಯ್ತಾವ. ಕಣ ಇದ್ದ ಜಾಗದಾಗ ಪ್ಲಾಟ್ ಮಾಡೀವಿ. ಶಾಲಿ ಗ್ರೌಂಡ್ ಖಾಲಿ ಬಿದ್ದಿತ್ತು…”

“ಖಾಲಿ ಇರಲಿಲ್ರೀ ಕಾಕಾ” ಅಂದಳು ಮದಿಹಾ. “ನಾವು ಇದ್ವಿ.”

ಫೋನಿನಲ್ಲಿ ಒಂದು ಲಾರಿ ಹಾದುಹೋದ ಸದ್ದು ಬಂತು.

“ಯಾವಾಗ ತೆಗೀತೀರಿ?” ಸೃಷ್ಟಿ ಕೇಳಿದಳು.

“ತೆಗೀತೀನಿ. ನಾಳಿನೇ ತೆಗೀತೀನಿ. ಸೋಮವಾರ ಅಂತ ಬರಿ. ಈಗ ಇದನ್ನ ಹಾಕು, ಲಗೂನ ಹಾಕು.”

“ಉತ್ತರ ಒಂದೇ ಹಾಕಾಕ ಬರಂಗಿಲ್ಲಪ್ಪಾ. ಯಾವ ಸುದ್ದಿಗಿ ಉತ್ತರ ಅಂತ ಮಂದಿಗಿ ತಿಳೀಬೇಕಲ್ಲ.”

ಅಣವೀರಪ್ಪ ಹಿಂದೆ ತಿರುಗಿ ನೋಡಿದರು. ಹೋಟೆಲಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಮೊಬೈಲು.

“ಸುದ್ದಿನೂ ಹಾಕು” ಅಂದರು. “ಹಳೇ ನಂಬರ್ ನಡೀತದೇನು?”

ಹಳೆಯದು ನಡೆಯಲಿಲ್ಲ. ಹೊಸದು ಬಂತು. ಅವರು ಮೊದಲ ಸಲ ಅವಸರದಲ್ಲಿ ಒಂದು ಅಂಕಿ ನುಂಗಿದರು. ಎರಡನೇ ಸಲ ಒಂದೊಂದೇ ಬಿಡಿಸಿ, ಹರಾಜು ಕೂಗಿದ ಹಾಗೆ ಹೇಳಿದರು. ‘ಕೆಂಪು ಬಾಳೆ’ ಹೊರಟಿತು.

ಮದಿಹಾ ಬರೆದದ್ದು ಏಳೆಂಟು ಸಾಲು. ಅಧ್ಯಕ್ಷರ ಉತ್ತರ ಅದರ ಮೂರು ಪಟ್ಟು. ಸುದ್ದಿಯಲ್ಲಿ ಹೆಸರು ಒಂದೇ ಸಲ ಇತ್ತು. ಉತ್ತರದ ತುಂಬ ‘ನಂದು’, ‘ನಾನೇ’. ಮೇಡಂ ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ. ಹೆಸರು ಬ್ಯಾಡ ಎಂದಿದ್ದ ತಮ್ಮ ಶುಕ್ರವಾರದ ಮಾತು ನೆನಪಾಗಿ, ಹುಡುಗಿಯರನ್ನು ಬಸ್ಸಿಗೆ ಬಿಡಲು ಆಟೊದಲ್ಲಿ ಕೂತಾಗ ಮಾತ್ರ ಹೇಳಿದರು: “ನೀವು ನನ್ನ ಮಾತು ಕೇಳಲಿಲ್ಲ, ಛಲೋ ಮಾಡಿದ್ರಿ.”

ಸೋಮವಾರ ಶಾಲೆ ಬಿಡುವ ಹೊತ್ತಿಗೆ ಮೈದಾನದಲ್ಲಿ ಟ್ರ್ಯಾಕ್ಟರು ನಿಂತಿತ್ತು. ಆಳುಗಳು ಇಬ್ಬರೇ ಬಂದಿದ್ದರು; ಉಳಿದವರು ಇನ್ನೊಬ್ಬರ ರಾಶಿಗೆ ಹೋಗಿದ್ದರು. ಕಾಲು ಭಾಗವೂ ಖಾಲಿಯಾಗಿರಲಿಲ್ಲ. ಅಣವೀರಪ್ಪ ಬೆವರು ಒರೆಸಿಕೊಳ್ಳುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ಗೇಟಿನ ಹೊರಗೆ ಏಳೆಂಟು ಜನ ಸುಮ್ಮನೆ ನಿಂತು ನೋಡುತ್ತಿದ್ದರು. ಸೋಮವಾರ ಅಂತ ಅವರೂ ಓದಿದ್ದರು.

ಮದಿಹಾ ತಂಡ ಕಟ್ಟಿಕೊಂಡು ಬಂದಳು. ವಿವೇಕಾನಂದ ಸರ್‌ಗೆ ಒಳ್ಳೆಯ ಉಪಾಯ ಹೊಳೆಯಿತು. ಚಪ್ಪಾಳೆ ತಟ್ಟಿ ಕರೆದರು: “ಬರ್ರಿ ಬರ್ರಿ ಹುಡುಗೇರಾ, ಎಲ್ಲಾರೂ ಕೈ ಹಚ್ಚ್ರಿ. ಚೀಲ ತುಂಬಿ ಕೊಡ್ರಿ, ಲಗೂ ಮುಗೀತದ. ಶ್ರಮದಾನ!”

ಒಂದಿಬ್ಬರು ಹುಡುಗಿಯರು ಅಭ್ಯಾಸಬಲದಿಂದ ಬಗ್ಗಿದರು. ಕಸ ಗುಡಿಸು ಎಂದರೆ ಗುಡಿಸಿ, ನೀರು ತಾ ಎಂದರೆ ತಂದು ರೂಢಿಯಾದ ಬೆನ್ನುಗಳು.

“ಏಳ್ರೇ” ಅಂದಳು ಮದಿಹಾ. ಆಮೇಲೆ ಹೆಡ್‌ಮಾಸ್ತರ ಕಡೆ ತಿರುಗಿ, ದನಿ ಏರಿಸದೆ, “ನಾವು ಆಡಾಕ ಬಂದೀವ್ರಿ ಸರ್” ಅಂದಳು.

ಖಾಲಿಯಾದ ಪಟ್ಟಿಯಲ್ಲೇ ಹುಡುಗಿಯರು ಸಾಲಾಗಿ ಕೂತರು, ಒಬ್ಬಳು ಆ ಕಡೆ ಮುಖ, ಒಬ್ಬಳು ಈ ಕಡೆ ಮುಖ. ಕೊನೆಯವಳಿಗೆ ಜಾಗ ಸಾಲದೆ ಹಿಮ್ಮಡಿ ತಾಡಪತ್ರಿಯ ಮೇಲಿತ್ತು. ಅಣವೀರಪ್ಪ ಬಾಯಿ ತೆರೆದವರು ಗೇಟಿನ ಕಡೆ ನೋಡಿ ಮುಚ್ಚಿದರು. ತಾವೇ ಬಗ್ಗಿ ಎರಡೂ ಬೊಗಸೆಯಲ್ಲಿ ತೊಗರಿ ಎತ್ತಿದರು.

“ಮಾಸ್ತರ, ಏನ್ ನೋಡಾಕತ್ತೀರಿ? ಚೀಲ ಹಿಡೀರಿ!”

ವಿವೇಕಾನಂದ ಸರ್ ಅಂಗಿಯ ತೋಳು ಮಡಚಿ ಚೀಲದ ಬಾಯಿ ಹಿಡಿದರು. ಅವರ ಬೆನ್ನ ಹಿಂದೆ ಯಾರೋ “ಖೋ!” ಎಂದು ಜೋರಾಗಿ ಕೂಗಿದಾಗ ಬೆಚ್ಚಿಬಿದ್ದರು, ಆದರೆ ಚೀಲ ಬಿಡಲಿಲ್ಲ.